ಮೊದಲು ಕಾಲು ನೋಡಿ: ಮರುಬಿಡುಗಡೆಯ ಸ್ಟಾರ್ ವಾರ್ಸ್ ಗೊಂಬೆಗಳನ್ನು ಕೊಳ್ಳುವುದು, ಅಳೆಯುವುದು

ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದರು. ಅವರು ಬಿಟ್ಟುಹೋದ ಸಾಮಾನಿನಲ್ಲಿ ಎರಡು ಇವತ್ತಿಗೂ ನನ್ನ ಮೇಜಿನ ಮೇಲಿವೆ: ಕಣ್ಣಿಗೆ ಸಿಕ್ಕಿಸಿಕೊಂಡು ನೋಡುವ ಹತ್ತು ಪಟ್ಟಿನ ಮಸೂರ ಮತ್ತು ಒಂದು ವರ್ನಿಯರ್ ಕ್ಯಾಲಿಪರ್. ಅಪ್ಪ ಇವುಗಳಿಂದ ಗಡಿಯಾರದ ಹಲ್ಲುಚಕ್ರ ಪರೀಕ್ಷಿಸುತ್ತಿದ್ದರು. ನಾನು ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಗೊಂಬೆಗಳ ಕಾಲು ಪರೀಕ್ಷಿಸುತ್ತೇನೆ. ಹೊಟ್ಟೆಪಾಡಿಗೆ ಮಂಡಿಪೇಟೆ ಹತ್ತಿರ ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಪುಸ್ತಕ. ಮಸೂರ ಅಪ್ಪನದು, ಚುಕ್ಕಿ ಓದುವ ಕಣ್ಣು ಪ್ರೆಸ್ಸಿನದು. ಈ ಹವ್ಯಾಸಕ್ಕೆ ಎರಡೂ ಬೇಕು.

ನಾನು ಮೊದಲು ಕೈಯಲ್ಲಿ ಹಿಡಿದ ಗೊಂಬೆ ಸ್ಟಾರ್ ವಾರ್ಸ್‌ನದಲ್ಲ. ಎಂ.ಜಿ. ರಸ್ತೆಯ ಅಂಗಡಿಯೊಂದರ ಗಾಜಿನ ಹಿಂದೆ ತಿಂಗಳುಗಟ್ಟಲೆ ನೋಡಿ, ಏಳನೇ ಕ್ಲಾಸಿನ ರಿಸಲ್ಟ್ ಬಂದ ದಿನ ಅಪ್ಪ ಕೊಡಿಸಿದ ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಎಂಬ ಸೈನಿಕ ಗೊಂಬೆ ಅದು. ಅಮೆರಿಕದ ಹ್ಯಾಸ್ಬ್ರೊ ಕಂಪನಿಯ ಅಚ್ಚಿನಲ್ಲಿ, ಬೇರೆ ಬಣ್ಣದಲ್ಲಿ, ನಮ್ಮ ದೇಶದಲ್ಲೇ ತಯಾರಾದ ಗೊಂಬೆ ಎಂಬುದು ನನಗೆ ತಿಳಿದದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಅಂದರೆ ನಾನು ಮೊದಲು ಪ್ರೀತಿಸಿದ್ದೇ ಒಂದು ಮರುಬಿಡುಗಡೆಯನ್ನು. ಆ ವಿಚಿತ್ರ ಬಣ್ಣಗಳಿಗಾಗಿಯೇ ಇವತ್ತು ಹೊರದೇಶದ ಸಂಗ್ರಾಹಕರು ಭಾರತದ ಜಿ.ಐ. ಜೋಗಳನ್ನು ಹುಡುಕುತ್ತಾರೆ.

ಅದಕ್ಕೇ ‘ರೀಇಷ್ಯೂ ಅಂದರೆ ಡೂಪ್ಲಿಕೇಟ್ ತಾನೇ’ ಎಂದು ಯಾರಾದರೂ ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಪುಸ್ತಕದ ಮೂರನೇ ಮುದ್ರಣವನ್ನು ಯಾರೂ ನಕಲಿ ಎನ್ನುವುದಿಲ್ಲ; ಒಳಪುಟ ತಿರುಗಿಸಿದರೆ ಯಾವ ವರ್ಷದ ಮುದ್ರಣ ಎಂದು ಅದೇ ಹೇಳುತ್ತದೆ. ಆ ಪುಟ ಹರಿದು ಮೊದಲ ಮುದ್ರಣವೆಂದು ಮಾರಿದರೆ ಮಾತ್ರ ಮೋಸ. ಎಚ್‌ಎಂಟಿ ಜನತಾ ವಾಚಿಗೂ ಇದೇ ಆಗಿದೆ. ಹಳೇ ಡಯಲ್ ಉಜ್ಜಿ, ಹೊಸ ಬಣ್ಣ ಬಳಿದು, ಕಾರ್ಖಾನೆಯಿಂದ ಹಾಗೇ ಬಂದದ್ದೆಂದು ಆನ್‌ಲೈನಿನಲ್ಲಿ ಮಾರುತ್ತಾರೆ. ಅಪ್ಪ ಅಂಥದ್ದನ್ನು ಕಂಡರೆ ವಾಚನ್ನು ಬೈಯುತ್ತಿರಲಿಲ್ಲ, ಮಾರಿದವನನ್ನು ಬೈಯುತ್ತಿದ್ದರು. ಗೊಂಬೆ ಕೊಳ್ಳುವಾಗ ನಾವು ಮಾಡಬೇಕಾದದ್ದು ಆ ಒಳಪುಟವನ್ನು ಹುಡುಕುವ ಕೆಲಸ. ಗೊಂಬೆಯ ಒಳಪುಟ ಅದರ ಕಾಲಿನ ಹಿಂಬದಿಯಲ್ಲಿರುತ್ತದೆ.

ಮೊದಲು ಯಾವುದು ಯಾವ ಜಾತಿಯದು ಎಂದು ತಿಳಿದಿರಬೇಕು. ಸ್ಟಾರ್ ವಾರ್ಸ್ ಸಿನಿಮಾ ಬಂದದ್ದು 1977ರಲ್ಲಿ. ಆ ವರ್ಷದ ಕ್ರಿಸ್‌ಮಸ್ಸಿಗೆ, ಅದರ ಗೊಂಬೆ ಮಾಡುವ ಹಕ್ಕು ಪಡೆದಿದ್ದ ಅಮೆರಿಕದ ಕೆನರ್ ಕಂಪನಿಯ ಬಳಿ ಗೊಂಬೆ ತಯಾರಿರಲಿಲ್ಲ. ‘ಅರ್ಲಿ ಬರ್ಡ್’ ಎಂಬ ರಟ್ಟಿನ ಲಕೋಟೆ ಮಾರಿದರು. ಒಳಗಿನ ಕೂಪನ್ ಕಳಿಸಿದರೆ ಮುಂದಿನ ವರ್ಷ ನಾಲ್ಕು ಗೊಂಬೆ ಅಂಚೆಯಲ್ಲಿ ಬರುತ್ತಿದ್ದವು. 1978ರಿಂದ 1985ರವರೆಗೆ ಕೆನರ್ ತೊಂಬತ್ತಕ್ಕೂ ಹೆಚ್ಚು ಬಗೆಯ ಗೊಂಬೆ ಮಾಡಿತು. ಸಂಗ್ರಾಹಕರು ‘ವಿಂಟೇಜ್’ ಎಂದು ಕರೆಯುವುದು ಇವನ್ನು ಮಾತ್ರ. 1991ರಲ್ಲಿ ಕೆನರ್ ಹ್ಯಾಸ್ಬ್ರೊ ಕೈಸೇರಿತು. 2005ರಲ್ಲಿ ಆ ಅರ್ಲಿ ಬರ್ಡ್ ಲಕೋಟೆಯನ್ನೇ ಮತ್ತೆ ಮಾರಿದರು. 2010ರಲ್ಲಿ ‘ದಿ ವಿಂಟೇಜ್ ಕಲೆಕ್ಷನ್’ ಶುರುವಾಯಿತು: ಗೊಂಬೆಯನ್ನು ಅಂಟಿಸಿ ಮಾರುವ ರಟ್ಟಿನ ಕಾರ್ಡಿನ ವಿನ್ಯಾಸ ಹಳೆಯದು, ಒಳಗಿನ ಗೊಂಬೆ ಮೊಣಕೈ ಮೊಣಕಾಲು ಮಡಚುವ ಹೊಸ ಕಾಲದ್ದು. ಹೆಸರಲ್ಲೇ ವಿಂಟೇಜ್ ಎಂದಿರುವುದರಿಂದ ಹೊಸಬರು ಇಲ್ಲಿ ಎಡವುತ್ತಾರೆ. 2019ರಲ್ಲಿ ಬಂದ ‘ರೆಟ್ರೊ ಕಲೆಕ್ಷನ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗೊಂಬೆಯೂ ಹಳೆಯದರ ಹಾಗೇ. ಕತ್ತು, ಎರಡು ಭುಜ, ಎರಡು ತೊಡೆ, ಒಟ್ಟು ಐದೇ ಕೀಲು. ಮೊದಲ ಕಂತಿನಲ್ಲಿ ಲ್ಯೂಕ್, ಲೇಯಾ, ಹಾನ್ ಸೋಲೊ, ಚ್ಯೂಬಾಕಾ, ಡಾರ್ತ್ ವೇಡರ್, ಸ್ಟಾರ್ಮ್‌ಟ್ರೂಪರ್.

ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಜಾತಿ ಇನ್ನೊಂದಿದೆ. 1979ರಲ್ಲಿ ಏಲಿಯನ್ ಸಿನಿಮಾಕ್ಕೆ ಕೆನರ್ ಮೂರೂಮುಕ್ಕಾಲು ಇಂಚಿನ ಗೊಂಬೆಗಳ ಮಾದರಿ ಮಾಡಿ ಮಾರುಕಟ್ಟೆಗೆ ಬಿಡದೇ ಕೈಬಿಟ್ಟಿತು. ಆ ಐದು ಗೊಂಬೆಗಳನ್ನು 2013ರಲ್ಲಿ ಸೂಪರ್‌ಸೆವೆನ್ ಎಂಬ ಸಂಸ್ಥೆ ಹೊರತಂದಿತು. ಮೊದಲ ಮುದ್ರಣವೇ ಇಲ್ಲದ ಪುಸ್ತಕದ ಮರುಮುದ್ರಣ! ನನ್ನ ಹತ್ತಿರ ಅದರ ನಾಯಕಿ ರಿಪ್ಲಿ ಇದ್ದಾಳೆ. ಇಲ್ಲಿ ಅಸಲಿ ಯಾವುದು ಎಂದು ತಲೆಕೆಡಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಅಂಗಡಿಗೆ ಬಂದದ್ದು ಇದೊಂದೇ.

ಇನ್ನು ಕಾಲಿನ ವಿಷಯ. ಗೊಂಬೆಯನ್ನು ಬೋರಲಾಗಿ ಹಿಡಿದು, ಬೆಳಕು ಪಕ್ಕದಿಂದ ಬೀಳುವ ಹಾಗೆ ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ಉಬ್ಬಕ್ಷರ ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ. ಕೆನರ್‌ನ ಮೊದಮೊದಲ ಗೊಂಬೆಗಳ ಕಾಲಿನ ಹಿಂದೆ ಜಿ.ಎಂ.ಎಫ್.ಜಿ.ಐ. ಎಂಬ ಇಂಗ್ಲಿಷ್ ಅಕ್ಷರಗಳು, 1977 ಎಂಬ ಇಸವಿ, ಹಾಂಗ್‌ಕಾಂಗ್ ಅಥವಾ ತೈವಾನ್‌ನಂಥ ಊರಿನ ಹೆಸರು ಇರುತ್ತವೆ. ಆ ಅಕ್ಷರಗಳು ಆಗ ಕೆನರ್‌ನ ಒಡೆತನ ಹೊಂದಿದ್ದ ಜನರಲ್ ಮಿಲ್ಸ್‌ನ ಆಟಿಕೆ ವಿಭಾಗದ್ದು. ಆಮೇಲಿನವುಗಳಲ್ಲಿ ಎಲ್.ಎಫ್.ಎಲ್., ಅಂದರೆ ಲ್ಯೂಕಾಸ್‌ಫಿಲ್ಮ್. ಹ್ಯಾಸ್ಬ್ರೊ ಹೆಸರು ಕಂಡರೆ ಅದು 1985ಕ್ಕೆ ಹಿಂದಿನದಲ್ಲ, ಮಾತು ಮುಗಿಯಿತು. ಎರಡು ಎಚ್ಚರಿಕೆ. ಕಾಲಿನ ಮೇಲಿನ ಇಸವಿ ಹಕ್ಕುಸ್ವಾಮ್ಯದ್ದು, ತಯಾರಾದ ವರ್ಷದ್ದಲ್ಲ; 1977 ಎಂದಿದ್ದರೂ ಗೊಂಬೆ 1983ರಲ್ಲಿ ಅಚ್ಚಿನಿಂದ ಹೊರಬಂದಿರಬಹುದು. ಎರಡನೆಯದು, ಊರಿನ ಹೆಸರೇ ಇಲ್ಲದ ಅಸಲಿ ಗೊಂಬೆಗಳೂ ಉಂಟು. ಆದ್ದರಿಂದ ಊರಿಲ್ಲ ಎಂದು ತಕ್ಷಣ ತಳ್ಳಿಹಾಕಬೇಡಿ. ಆದರೆ ಆ ಜಾಗ ಮರಳು ಕಾಗದದಲ್ಲಿ ಉಜ್ಜಿದ ಹಾಗೆ ಮಂಕಾಗಿ, ಸುತ್ತಲಿನ ಹೊಳಪಿಗಿಂತ ಬೇರೆಯಾಗಿ ಕಂಡರೆ, ಯಾರೋ ಒಳಪುಟ ಹರಿದಿದ್ದಾರೆ ಎಂದೇ ತಿಳಿಯಿರಿ.

ಕಾಲು ನೋಡುವ ಅಗತ್ಯವೇ ಇಲ್ಲದ ಒಂದು ಸಂದರ್ಭ ಹೇಳುತ್ತೇನೆ. ಸ್ಟಾರ್ ವಾರ್ಸ್‌ನ ಖಳ ಗ್ರ್ಯಾಂಡ್ ಮಾಫ್ ಟಾರ್ಕಿನ್‌ನ, ಕೆನರ್ ಶೈಲಿಯ ಐದು ಕೀಲಿನ ಗೊಂಬೆಯನ್ನು ‘ಹಳೇ ಕಾಲದ್ದು’ ಎಂದು ಯಾರಾದರೂ ತೋರಿಸಿದರೆ ಕೈಮುಗಿದು ಬನ್ನಿ. ಕೆನರ್ ಆ ಪಾತ್ರವನ್ನು ಮಾಡಲೇ ಇಲ್ಲ. ಅದು ಬಂದದ್ದು 2019ರಲ್ಲಿ, ರೆಟ್ರೊ ಸಾಲಿನ ಬೋರ್ಡ್ ಗೇಮ್ ಪೆಟ್ಟಿಗೆಯೊಳಗೆ.

ವರ್ನಿಯರ್ ಯಾಕೆ ಬೇಕೆಂದರೆ, ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಆದರೆ ನೂರಕ್ಕೆ ಅರ್ಧ ಪಾಲಿನಷ್ಟು, ಮೆತ್ತನೆಯ ಪಿವಿಸಿ ಅದಕ್ಕಿಂತ ಹೆಚ್ಚು. ಕಂಪನಿಯವರು ಈ ಕುಗ್ಗುವಿಕೆಯನ್ನು ಲೆಕ್ಕ ಹಾಕಿಯೇ ಅಚ್ಚು ಕೊರೆದಿರುತ್ತಾರೆ. ಕಳ್ಳ ನಕಲು ಮಾಡುವವನು ಅಸಲಿ ಗೊಂಬೆಯಿಂದಲೇ ಅಚ್ಚು ತೆಗೆಯುತ್ತಾನೆ, ಹಾಗಾಗಿ ಅವನ ಗೊಂಬೆ ಅಸಲಿಗಿಂತ ಕೂದಲೆಳೆಯಷ್ಟು ಗಿಡ್ಡ. ಮೂರೂಮುಕ್ಕಾಲು ಇಂಚು ಎಂದರೆ 95 ಮಿಲಿಮೀಟರ್; ಅದರಲ್ಲಿ ಅರ್ಧದಿಂದ ಎರಡು ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣದು, ವರ್ನಿಯರ್‌ಗೆ ಕಾಣುತ್ತದೆ. ಇಡೀ ಎತ್ತರ ಅಳೆಯಬೇಡಿ, ಕಾಲು ಬಾಗಿದ್ದರೆ ಲೆಕ್ಕ ತಪ್ಪುತ್ತದೆ. ತಲೆಯ ಅಗಲ, ಎದೆಯ ದಪ್ಪ, ಪಾದದ ಉದ್ದ ಅಳೆದು, ಖಾತ್ರಿಯಿರುವ ಇನ್ನೊಂದು ಗೊಂಬೆಯ ಜೊತೆ ತಾಳೆ ನೋಡಿ. ಅಳತೆಯ ಪಟ್ಟಿಯೊಂದನ್ನು ನಾನು ಹತ್ತು ವರ್ಷದಿಂದ ಬರೆದುಕೊಂಡು ಬಂದಿದ್ದೇನೆ. ಪ್ರೆಸ್ಸಿನಲ್ಲಿ ಉಳಿದ ಬಿಲ್ ಪುಸ್ತಕದ ಹಿಂಬದಿಯೇ ಅದಕ್ಕೆ ಸಾಕು.

ಕಾರ್ಡಿನಲ್ಲಿರುವ ಗೊಂಬೆಯ ಬೆಲೆಯ ಮುಕ್ಕಾಲು ಪಾಲು ಕಾರ್ಡಿನದೇ. ಮೋಸವೂ ಹೆಚ್ಚಾಗಿ ಅಲ್ಲೇ ನಡೆಯುತ್ತದೆ. ಇದು ನನ್ನ ಕಸುಬಿನ ಮಾತು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಸೂರವನ್ನು ಚಿತ್ರದ ತಿಳಿಬಣ್ಣದ ಜಾಗಕ್ಕೆ, ಮುಖವೋ ಆಕಾಶವೋ ಇರುವ ಕಡೆಗೆ ಹಿಡಿಯಿರಿ. ಪ್ರೆಸ್ಸಿನಲ್ಲಿ ಮಾಡುವ ಆಫ್‌ಸೆಟ್ ಮುದ್ರಣವಾದರೆ ನಾಲ್ಕು ಬಣ್ಣದ ಚುಕ್ಕಿಗಳು ಸಾಲುಸಾಲಾಗಿ ನಿಂತು, ಅಲ್ಲಲ್ಲಿ ಒಂದರ ಸುತ್ತ ಒಂದು ಸೇರಿ ಪುಟ್ಟ ಹೂವಿನ ಆಕಾರ ಕಟ್ಟುತ್ತವೆ. ಮಾರ್ಗಶಿರದ ಬೆಳಗ್ಗೆ ಬಾಗಿಲ ಮುಂದೆ ಹಾಕಿದ ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಇಂಕ್‌ಜೆಟ್‌ನಲ್ಲಿ ತೆಗೆದ ನಕಲಿಯಾದರೆ ಈ ಶಿಸ್ತು ಇರುವುದಿಲ್ಲ, ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು ಹರಡಿರುತ್ತವೆ. ಇಲ್ಲಿಗೆ ಮುಗಿಯಲಿಲ್ಲ, ಏಕೆಂದರೆ ಹ್ಯಾಸ್ಬ್ರೊದ ಮರುಬಿಡುಗಡೆಯ ಕಾರ್ಡೂ ಆಫ್‌ಸೆಟ್ಟೇ. ರಂಗೋಲಿ ಕಂಡಿತೆಂದು ಅದನ್ನು 1978ರದ್ದು ಎನ್ನಲಾಗದು. ಸಾಸಿವೆ ಕಂಡರೆ ಮಾತ್ರ ಅದು ಮನೆಯಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಹುಟ್ಟಿದ್ದೆಂದು ಧೈರ್ಯವಾಗಿ ಹೇಳಬಹುದು.

ಆಮೇಲೆ ಕಪ್ಪು ಅಕ್ಷರ ನೋಡಿ. ನನ್ನ ಅನುಭವದಲ್ಲಿ ಇದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ. ಮೂಲ ಮುದ್ರಣದಲ್ಲಿ ಕಪ್ಪು ಅಕ್ಷರವನ್ನು ಒಂದೇ ಕಪ್ಪು ಶಾಯಿಯಲ್ಲಿ ಒತ್ತುತ್ತಾರೆ, ಅಂಚು ಚಾಕುವಿನಿಂದ ಕೊಯ್ದ ಹಾಗಿರುತ್ತದೆ. ಕಾರ್ಡನ್ನು ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದರೆ ಯಂತ್ರಕ್ಕೆ ಅದು ಅಕ್ಷರವೆಂದು ಗೊತ್ತಾಗುವುದಿಲ್ಲ, ಅದನ್ನೂ ಚಿತ್ರವೆಂದೇ ತಿಳಿದು ಬಣ್ಣದ ಚುಕ್ಕಿಗಳಲ್ಲಿ ಕಟ್ಟುತ್ತದೆ. ಹಿಂಬದಿಯ ಸಣ್ಣಕ್ಷರದ ಅಂಚಿನಲ್ಲಿ ಗುಲಾಬಿ, ನೀಲಿ, ಹಳದಿ ಪುಡಿ ಕಂಡರೆ ಆ ಕಾರ್ಡು ಸ್ಕ್ಯಾನ್ ಮಾಡಿ ತೆಗೆದ ನಕಲು. ಹಳೇ ಲಗ್ನಪತ್ರಿಕೆ ತಂದು ‘ಇದೇ ಥರ ಮಾಡಿಕೊಡಿ’ ಎನ್ನುವ ಗಿರಾಕಿಗಳಿಗೆ ನಾನು ಸ್ಕ್ಯಾನ್ ಮಾಡದೆ ಅಕ್ಷರವನ್ನೆಲ್ಲ ಹೊಸದಾಗಿ ಕಂಪೋಸ್ ಮಾಡುವುದು ಇದೇ ಕಾರಣಕ್ಕೆ.

ಕೆನರ್ ಲಾಂಛನ ಇದೆಯೆಂದ ಮಾತ್ರಕ್ಕೆ ನಂಬಬೇಡಿ. ರೆಟ್ರೊ ಕಾರ್ಡುಗಳ ಮೇಲೂ ಅದೇ ಲಾಂಛನವಿದೆ. ಅಷ್ಟೇ ಅಲ್ಲ, ಆ ಕಾರ್ಡುಗಳ ಅಂಚಿನ ಸವಕಲು, ಮಡಿಕೆಯ ಬಿಳಿಗೆರೆಗಳೂ ಮುದ್ರಿಸಿದವೇ. ಉಗುರಿನಿಂದ ಮೆಲ್ಲಗೆ ಸವರಿದರೆ ನಿಜವಾದ ಮಡಿಕೆ ಕೈಗೆ ಸಿಗುತ್ತದೆ, ಮುದ್ರಿಸಿದ ಮಡಿಕೆ ನುಣ್ಣಗಿರುತ್ತದೆ. ಹಿಂಬದಿಯಲ್ಲಿ ವೆಬ್ ವಿಳಾಸ ಇದ್ದರೆ ಅದು ಕೆನರ್ ಕಾಲದ್ದಲ್ಲ ಎಂದು ಹೇಳಬೇಕಾಗಿಯೇ ಇಲ್ಲ. ಹಳೇ ಕಾರ್ಡುಗಳನ್ನು ‘ಟ್ವೆಲ್ವ್ ಬ್ಯಾಕ್’, ‘ಟ್ವೆಂಟಿ ಬ್ಯಾಕ್’ ಎಂದು ಕರೆಯುವುದು ಹಿಂದೆ ಎಷ್ಟು ಗೊಂಬೆಯ ಚಿತ್ರ ಇದೆ ಎಂಬುದರ ಮೇಲೆ. ಹನ್ನೆರಡರದ್ದು ಎಲ್ಲಕ್ಕಿಂತ ಮೊದಲಿನದು. ಗೊಂಬೆಯನ್ನು ಮುಚ್ಚಿರುವ ಪಾರದರ್ಶಕ ಪ್ಲಾಸ್ಟಿಕ್ ಬಬಲ್ ಬಿಚ್ಚಿ ಮತ್ತೆ ಅಂಟಿಸಿದ್ದಾರೆಯೇ ಎಂದು ನೋಡಲು ಅದರ ಅಂಚಿನ ಸುತ್ತ ಮಸೂರ ಓಡಿಸಿ. ಕಾಗದದ ನಾರು ಎದ್ದಿದ್ದರೆ, ಅಂಟು ಅಂಚಿನಿಂದಾಚೆ ಇಣುಕಿದ್ದರೆ, ಖೋಟಾನೋಟು ನೋಡುವ ನೇರಳೆ ಟಾರ್ಚಿನಲ್ಲಿ ಒಂದು ಕಡೆ ಮಾತ್ರ ಬೇರೆ ಥರ ಹೊಳೆದರೆ, ಅದನ್ನು ಬಿಡಿ ಗೊಂಬೆಯ ಬೆಲೆಗಷ್ಟೇ ಕೇಳಿ.

ಆಯುಧ ಮತ್ತು ಬಟ್ಟೆ. ಬಿಡಿ ಗೊಂಬೆಗಳಲ್ಲಿ ಗೊಂಬೆ ಹಳೆಯದಿದ್ದು ಕೈಯಲ್ಲಿನ ಬಂದೂಕು ಹೊಸ ನಕಲು ಆಗಿರುವುದು ತೀರಾ ಸಾಮಾನ್ಯ. ನೀರಿಗೆ ಹಾಕಿ ತೇಲಿದರೆ ಅಸಲಿ, ಮುಳುಗಿದರೆ ನಕಲಿ ಎಂಬ ಪರೀಕ್ಷೆ ಎಲ್ಲ ಕಡೆ ಓಡಾಡುತ್ತದೆ. ತೇಲುವ ನಕಲುಗಳೂ ಇವೆ, ಅದೊಂದನ್ನೇ ನಂಬಬೇಡಿ. ಅಚ್ಚಿನ ಗೆರೆ, ಹಿಡಿಯ ವಿವರ ಎಷ್ಟು ಚೂಪಾಗಿದೆ ಎಂಬುದನ್ನೂ ನೋಡಿ. ಜಾವಾ ಎಂಬ ಪುಟ್ಟ ಗೊಂಬೆ 1978ರಲ್ಲಿ ಮೊದಲು ವಿನೈಲ್ ಮೇಲಂಗಿ ಹೊದ್ದು ಬಂದು, ಸ್ವಲ್ಪ ಸಮಯದಲ್ಲೇ ಬಟ್ಟೆಯ ಅಂಗಿಗೆ ಬದಲಾಯಿತು. ವಿನೈಲ್‌ನದು ಅಪರೂಪ, ಆದ್ದರಿಂದ ಓಬಿ-ವಾನ್ ಗೊಂಬೆಯ ವಿನೈಲ್ ಅಂಗಿ ಕತ್ತರಿಸಿ ಜಾವಾಗೆ ತೊಡಿಸುತ್ತಾರೆ. ನಮ್ಮಂಥವರ ಕೈಗೆ ಅಸಲಿ ವಿನೈಲ್ ಜಾವಾ ಅಗ್ಗಕ್ಕೆ ಸಿಕ್ಕರೆ ಅದು ಅಸಲಿಯಲ್ಲ. ರಾಕೆಟ್ ಹಾರಿಸುವ ಬೋಬಾ ಫೆಟ್ ಎಂಬ ಪಾತ್ರದ ಗೊಂಬೆಯ ಮಾತಂತೂ ಬೇಡವೇ ಬೇಡ. ಮಕ್ಕಳ ಸುರಕ್ಷತೆಯ ಕಾರಣಕ್ಕೆ ಕೆನರ್ ಅದನ್ನು ಕೈಬಿಟ್ಟಿತ್ತು. ಉಳಿದಿರುವುದು ಮಾದರಿಗಳು ಮಾತ್ರ, ಅದರಲ್ಲೊಂದು 2024ರಲ್ಲಿ 5,25,000 ಡಾಲರಿಗೆ ಹರಾಜಾಯಿತು. ಆಸೆಯಿದ್ದರೆ 2010ರಲ್ಲಿ ಹ್ಯಾಸ್ಬ್ರೊ ಅಂಚೆಯಲ್ಲಿ ಕಳಿಸಿದ ರಾಕೆಟ್ ಹಾರಿಸುವ ಬೋಬಾ ಫೆಟ್ ಹುಡುಕಿ. ಮರುಬಿಡುಗಡೆಗಳು ಇರುವುದೇ ಇದಕ್ಕೆ: ಕೋಟಿಗೆ ಸಿಗದ್ದನ್ನು ಸಾವಿರದಲ್ಲಿ ಕೈಗೆ ಕೊಡುತ್ತವೆ.

ಇಷ್ಟೆಲ್ಲ ಹೇಳುವ ನಾನು 2021ರಲ್ಲಿ ₹7,500 ಕಳೆದುಕೊಂಡೆ. ಆನ್‌ಲೈನಿನಲ್ಲಿ ಒಬ್ಬರು ‘1978ರ ಸ್ಟಾರ್ಮ್‌ಟ್ರೂಪರ್, ಚಿಕ್ಕಪ್ಪ ಅಮೆರಿಕದಿಂದ ತಂದದ್ದು’ ಎಂದರು. ಚಿತ್ರದಲ್ಲಿ ಹಳದಿ ಬಿಳುಪು, ಅಲ್ಲಲ್ಲಿ ಕೊಳೆ. ಮುಂಭಾಗದ ಎರಡು ಫೋಟೊ ನೋಡಿ ಹಣ ಹಾಕಿದೆ. ಲಗ್ನದ ಸೀಸನ್, ಕೈಯಲ್ಲಿ ದುಡ್ಡಿತ್ತು, ಪ್ರೆಸ್ಸಿನಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಪಾರ್ಸೆಲ್ ಬಂದ ರಾತ್ರಿ ಮಸೂರ ಹಿಡಿದು ಕಾಲು ನೋಡಿದರೆ ಹ್ಯಾಸ್ಬ್ರೊ. ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಹಳತು ಮಾಡಿದ ರೆಟ್ರೊ ಗೊಂಬೆ, ಕಂಕುಳಲ್ಲಿ ಕಂದು ಕಲೆ ಇನ್ನೂ ಇತ್ತು. ಅದಾದ ಮೇಲೆ ಐದು ಫೋಟೊ ಇಲ್ಲದೆ ನಾನು ಒಂದು ರೂಪಾಯಿ ಕಳಿಸಿಲ್ಲ: ಮುಂದೆ, ಹಿಂದೆ, ಎರಡೂ ಕಾಲಿನ ಹಿಂಬದಿ ಓರೆ ಬೆಳಕಿನಲ್ಲಿ, ಕಂಕುಳು, ಮತ್ತು ಗೊಂಬೆಯ ಪಕ್ಕ ಅವತ್ತಿನ ದಿನಪತ್ರಿಕೆ. ಕಾಲಿನ ಫೋಟೊ ಕೇಳಿದ ತಕ್ಷಣ ಸುಮ್ಮನಾಗುವವರು ಬಹಳ ಮಂದಿ. ಆ ಮೌನವನ್ನು ಉತ್ತರವೆಂದೇ ತೆಗೆದುಕೊಳ್ಳಿ.

ಹೊರದೇಶದಿಂದ ತರಿಸುವವರು ಒಂದು ಲೆಕ್ಕ ಇಟ್ಟುಕೊಳ್ಳಿ. ಆಟಿಕೆಗಳ ಮೂಲ ಕಸ್ಟಮ್ಸ್ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ‘ಸುಂಕ, ಸಾಗಣೆ ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟು’ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. 2019ರಲ್ಲಿ ಅಮೆರಿಕದ ಅಂಗಡಿಯಲ್ಲಿ ಹತ್ತು ಡಾಲರ್ ಇದ್ದ ರೆಟ್ರೊ ಗೊಂಬೆಗೆ ಇಲ್ಲಿ ಮೂರು ಸಾವಿರ ಕೇಳಿದರೆ ನಾನು ಕೊಡುವುದಿಲ್ಲ. ಬೆಂಗಳೂರಿನ ಕಾಮಿಕ್ ಕಾನ್‌ಗೆ ಬೆಳಗಿನ ರೈಲಿನಲ್ಲಿ ಹೋಗಿ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ ಕೊಳ್ಳುವುದು ನನಗೆ ಸಮಾಧಾನ. ಬೇಡವೆಂದರೆ ಕೆಳಗಿಟ್ಟು ಬರಬಹುದು.

ಮರುಬಿಡುಗಡೆ ಎಂದು ಖಾತ್ರಿಯಾದ ಮೇಲೆ ಅದರ ಗುಣ ಅಳೆಯುವುದು ಬೇರೆ ಕೆಲಸ. ಒಂದೇ ಗೊಂಬೆಯ ಮೂರ್ನಾಲ್ಕು ಪ್ರತಿ ಸಾಲಾಗಿ ನೇತುಹಾಕಿದ್ದರೆ ಮೊದಲು ಕಣ್ಣು ನೋಡಿ. ಎರಡೂ ಕಣ್ಣು ಒಂದೇ ಮಟ್ಟದಲ್ಲಿವೆಯೇ, ಹುಬ್ಬು ಹಣೆಗೆ ಏರಿದೆಯೇ, ಕೂದಲ ಬಣ್ಣ ಕಿವಿಗೆ ಇಳಿದಿದೆಯೇ. ಬಬಲ್ ಒಳಗೆ ಕಾಲು ಬಾಗಿದ್ದರೆ ಹೆದರಬೇಡಿ: ಬಿಚ್ಚಿದ ಮೇಲೆ ಕುದಿಯುವ ನೀರಿಗಲ್ಲ, ಕೈ ಇಡಲಾಗದಷ್ಟು ಬಿಸಿಯ ನೀರಿಗೆ ಒಂದು ನಿಮಿಷ ಕಾಲು ಅದ್ದಿ, ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಹಿಡಿದರೆ ಹಾಗೇ ನಿಲ್ಲುತ್ತದೆ. ಜಿ.ಐ. ಜೋ ಸೊಂಟ ಮುರಿದು ಎರಡಾದರೆ ಒಳಗಿನ ರಬ್ಬರ್ ಉಂಗುರ ಸತ್ತಿದೆ ಅಷ್ಟೇ, ನಮ್ಮ ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಐದು ರೂಪಾಯಿಗೆ ಸಿಕ್ಕಿತು.

ಇಡುವ ವಿಷಯದಲ್ಲಿ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಮೊದಲು ಹೆದರಬೇಕು. ಪಶ್ಚಿಮದ ಕಿಟಕಿಯ ಎದುರು ಇಟ್ಟ ಬಿಳಿ ಗೊಂಬೆ ನನ್ನ ಕಣ್ಣೆದುರೇ ಎರಡು ಬೇಸಿಗೆಗೆ ಬೆಣ್ಣೆಬಣ್ಣಕ್ಕೆ ತಿರುಗಿತು. ಹಂಚಿನ ಮಾಡಿನ ಅಟ್ಟದಲ್ಲೂ ಬೇಡ. ಬಿಸಿಗೆ ಮೆತ್ತನೆ ಪಿವಿಸಿಯೊಳಗಿನ ಎಣ್ಣೆಯಂಶ ಹೊರಬಂದು ಮೇಲಂಗಿಗಳು ಅಂಟಂಟಾಗುತ್ತವೆ. ಹಾಗಾದರೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕಾರ್ಡಿಗೆ ಬೆಳ್ಳಿಹುಳದ ಕಾಟ ಎಂದು ಸೀರೆ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ಸಿಲಿಕಾ ಚೀಲ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದರ ಬದಲಾವಣೆ, ಇಷ್ಟು ಸಾಕು.

ಕೊನೆಗೆ ನಾನು ಮಾಡುವ ಒಂದು ಕೆಲಸ. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಕತ್ತರಿಸಿ ಉಳಿದ ಆರ್ಟ್ ಬೋರ್ಡಿನ ಪಟ್ಟಿಗಳಿವೆ. ಪ್ರತಿ ಗೊಂಬೆಗೂ ಒಂದು ಪಟ್ಟಿಯಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತೇನೆ: ಯಾವ ಸಾಲಿನದು, ಬಿಡುಗಡೆಯ ವರ್ಷ, ಕಾಲಿನ ಮೇಲೆ ಏನಿದೆ, ಆಯುಧ ಅಸಲಿಯೋ ಬದಲಿಯೋ, ನಾನು ಕೊಟ್ಟ ದುಡ್ಡು. ದಾರದಲ್ಲಿ ಗೊಂಬೆಗೆ ಕಟ್ಟುತ್ತೇನೆ. ಆ ಡಿಕಾಕ್ಷನ್ ಸ್ಟಾರ್ಮ್‌ಟ್ರೂಪರ್‌ಗೂ ಒಂದಿದೆ: ‘ರೆಟ್ರೊ, 2019. ಬಣ್ಣ ಕೃತಕ. ₹7,500.’ ಹೋದ ವರ್ಷ ಹುಡುಗನೊಬ್ಬ ಅದನ್ನು ಮಾರುತ್ತೀರಾ ಎಂದು ಕೇಳಿ, ಚೀಟಿ ಓದಿ, ₹600 ಕೊಟ್ಟು ತೆಗೆದುಕೊಂಡು ಹೋದ. ಚೀಟಿಯನ್ನು ಬಿಚ್ಚಬೇಡ ಎಂದು ಹೇಳಿ ಕಳಿಸಿದೆ.